ಎಡಗಡೆ ಕೂರದ ರವಿಕೆ

ನನ್ನಮ್ಮ ರವಿಕೆ ಹೊಲಿಯುತ್ತಿದ್ದಳು. ಅಂಗಡಿ ಇರಲಿಲ್ಲ, ಬೋರ್ಡೂ ಇರಲಿಲ್ಲ. ವಿಜಯನಗರದ ನಮ್ಮ ಬಾಡಿಗೆ ಮನೆಯ ನಡುಮನೆಯಲ್ಲಿ ಕಿಟಕಿಗೆ ಒತ್ತಿದಂತೆ ಒಂದು ಹೊಲಿಗೆ ಮೆಷಿನ್, ಗೋಡೆಗೆ ಒಂದು ಉದ್ದನೆಯ ಕನ್ನಡಿ, ಬಾಗಿಲಿಗೆ ಒಂದು ಹೂವಿನ ಪರದೆ, ಇಷ್ಟೇ. ಎಂಬತ್ತರ ದಶಕದ ನಡುವಿನ ಮಾತು. ಮಧ್ಯಾಹ್ನದ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಹೆಂಗಸರು ಒಬ್ಬೊಬ್ಬರೇ ಬರುತ್ತಿದ್ದರು. ರಜೆಯ ದಿನ ಅಪ್ಪ ಮನೆಯಲ್ಲಿದ್ದರೆ, ಮೊದಲ ಚಪ್ಪಲಿಯ ಸದ್ದು ಕೇಳಿದ ಕೂಡಲೇ ಪೇಪರ್ ಮಡಚಿಕೊಂಡು ಎದುರಿನ ಮೋರಿ ಕಟ್ಟೆಗೆ ಹೋಗಿ ಕೂತುಬಿಡುತ್ತಿದ್ದರು. ಒಂದೇ ದಿನದ ಪೇಪರನ್ನು ಅವರಷ್ಟು ಸಲ ಓದಿದವರು ಆ ಬಡಾವಣೆಯಲ್ಲಿ ಇನ್ನೊಬ್ಬರಿರಲಿಲ್ಲ.

ಅಮ್ಮನಿಗೆ ತನ್ನ ಕಣ್ಣಳತೆಯ ಬಗ್ಗೆ ವಿಪರೀತ ಹೆಮ್ಮೆ. ಬಂದವರು ಗೇಟು ತೆಗೆದು ಒಳಗೆ ಕಾಲಿಡುವಷ್ಟರಲ್ಲಿ ಅವಳಿಗೆ ಅವರ ಅಳತೆ ಗೊತ್ತಾಗಿರುತ್ತಿತ್ತು. ಆಮೇಲೆ ಟೇಪು ಹಿಡಿಯುತ್ತಿದ್ದದ್ದು ಬರೀ ಮರ್ಯಾದೆಗೆ. ಅವಳು ಹೇಳಿದ್ದನ್ನು ಪುಸ್ತಕದಲ್ಲಿ ಬರೆದುಕೊಳ್ಳುವುದು ನನ್ನ ಕೆಲಸ. "ಮೇಲೆ ಮೂವತ್ತಾರು, ಕೆಳಗೆ ಮೂವತ್ತು, ತೋಳು ಒಂಬತ್ತು." ತೋಳಿಗೆ ತೋಳು ಎನ್ನುತ್ತಿದ್ದಳು, ಬೆನ್ನಿಗೆ ಬೆನ್ನು ಎನ್ನುತ್ತಿದ್ದಳು. ಆದರೆ ಎದೆಗೆ ಮಾತ್ರ ನಮ್ಮ ಮನೆಯಲ್ಲಿ ಹೆಸರಿರಲಿಲ್ಲ. ಅದು "ಮೇಲೆ". ದಿನವಿಡೀ ಅದಕ್ಕೇ ಬಟ್ಟೆ ಕತ್ತರಿಸಿ ಹೊಲಿಯುವ ಮನೆಯಲ್ಲೇ ಹೀಗಿದ್ದರೆ ಬೇರೆ ಮನೆಗಳಲ್ಲಿ ಹೇಗಿದ್ದಿರಬಹುದು, ನೀವೇ ಊಹಿಸಿಕೊಳ್ಳಿ. ನಾನು ಆಗ ಎರಡನೇ ಪಿಯುಸಿಯಲ್ಲಿ ಸೈನ್ಸ್ ಓದುತ್ತಿದ್ದೆ. ಕಪ್ಪೆಯ ಹೃದಯಕ್ಕೆ ಎಷ್ಟು ಕೋಣೆ, ಜಿರಲೆಯ ಬಾಯಿ ಹೇಗಿರುತ್ತದೆ ಎಲ್ಲಾ ಬಾಯಿಪಾಠ. ನನ್ನ ಮೈಯ ವಿಷಯ ಕೇಳಿದ್ದರೆ ಸೊನ್ನೆ.

ಅಮ್ಮನ ಗಿರಾಕಿಗಳಲ್ಲೆಲ್ಲ ಜೋರಿನವರು ಹಿಂದಿನ ಬೀದಿಯ ರೊಟ್ಟಿ ಆಂಟಿ. ಧಾರವಾಡದ ಕಡೆಯವರು. ಗಂಡನಿಗೆ ಇಲ್ಲಿನ ಒಂದು ಕಾರ್ಖಾನೆಯಲ್ಲಿ ಕೆಲಸ. ಮಗಳನ್ನು ಗದಗಿಗೆ ಮದುವೆ ಮಾಡಿಕೊಟ್ಟಿದ್ದರು. ಬೆಳಿಗ್ಗೆ ಅವರು ಜೋಳದ ರೊಟ್ಟಿ ಬಡಿಯುವ ಸದ್ದು ನಮ್ಮ ಹಿತ್ತಲಿಗೆ ಕೇಳುತ್ತಿತ್ತು, ಆ ಸದ್ದಿಗೇ ಬೀದಿಯ ಅರ್ಧ ಜನ ಏಳುತ್ತಿದ್ದರು. ಹೆಸರು ಬಂದದ್ದು ಹಾಗೆ. ನಾವು ರವಿಕೆ ಎಂದರೆ ಅವರು ಜಂಪರ್ ಎನ್ನುವರು, ನಾವು ಬದನೆಕಾಯಿ ಎಂದರೆ ಅವರು ಬದನಿಕಾಯಿ ಎನ್ನುವರು. ಆದರೂ ಅವರಿಗೂ ಅಮ್ಮನಿಗೂ ಭಾರಿ ದೋಸ್ತಿ.

ಆ ವರ್ಷ ಶ್ರಾವಣಕ್ಕೆಂದು ಅವರು ಒಂದು ಗಿಣಿ ಹಸಿರಿನ ಟೂ ಬೈ ಟೂ ಬಟ್ಟೆ ತಂದು ಕೊಟ್ಟರು. ಅಮ್ಮ ಹೊಲಿದು ಕೊಟ್ಟಳು. ಎರಡೇ ದಿನಕ್ಕೆ ವಾಪಸ್ಸು ಬಂತು.

"ಅಕ್ಕಾರ, ಇದು ಎಡಗಡೆ ಕುಂತಿಲ್ಲ ನೋಡ್ರಿ. ಬಲಗಡೆ ಬರೋಬ್ಬರಿ ಐತಿ."

ಅಮ್ಮ ನಕ್ಕು ಇಸಿದುಕೊಂಡಳು. ಎದೆಯ ಉಬ್ಬಿಗೆ ಸರಿಯಾಗಿ ಬಟ್ಟೆಯನ್ನು ಚೂಪಾಗಿ ಮಡಚಿ ಹೊಲಿಯುತ್ತಾರಲ್ಲ, ಅದಕ್ಕೆ ಟೈಲರುಗಳು ಡಾಟ್ ಎನ್ನುತ್ತಾರೆ. ಎಡಗಡೆಯ ಡಾಟ್ ಬಿಚ್ಚಿ ಹೊಸದಾಗಿ ಹಾಕಿದಳು. ರವಿಕೆ ಹೋಯಿತು, ವಾರಕ್ಕೆ ಮತ್ತೆ ಬಂತು. ಮತ್ತೆ ಬಿಚ್ಚಿದಳು. ಈ ಸಲ ಮೆಷಿನ್ನಿಗೆ ಎಣ್ಣೆ ಬಿಟ್ಟು, ಸೂಜಿ ಬದಲಾಯಿಸಿ, ಹೊಸ ದಾರದ ಉಂಡೆ ಹಾಕಿದಳು. ಆಮೇಲೆ ನನ್ನನ್ನು ದುರುಗುಟ್ಟಿ ನೋಡಿದಳು.

"ಗುರುತು ಹಾಕುವಾಗ ನೀನೇನಾದ್ರೂ ಮೇಜು ಅಲ್ಲಾಡಿಸಿದ್ಯೇನೇ?"

ಮೂರನೇ ಸಲ ರೊಟ್ಟಿ ಆಂಟಿ ಬಾಗಿಲಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತರು. "ಅಕ್ಕಾರ, ತಪ್ಪು ತಿಳೀಬ್ಯಾಡ್ರಿ. ನಿಮಗ ಎಡಗಣ್ಣು ಕಾಣಂಗಿಲ್ಲೇನು?"

ಅಮ್ಮನಿಗೆ ಜೀವಮಾನದಲ್ಲಿ ಯಾರೂ ಹಾಗೆ ಅಂದಿರಲಿಲ್ಲ. ಮುಖ ಕೆಂಪಗಾಯಿತು. "ಒಳಗೆ ಬನ್ನಿ. ಹಾಕ್ಕೊಂಡು ಕನ್ನಡಿ ಮುಂದೆ ನಿಂತ್ಕೊಳ್ಳಿ. ಇವತ್ತು ಇದನ್ನ ಸರಿ ಮಾಡ್ದೆ ನಾನು ಏಳಲ್ಲ" ಎಂದು ಪರದೆ ಎಳೆದಳು. ನಾನು ಗುಂಡುಸೂಜಿಯ ಡಬ್ಬಿ ಹಿಡಿದು ಪಕ್ಕದಲ್ಲಿ ನಿಂತಿದ್ದೆ.

ರವಿಕೆ ನಿಜವಾಗಿಯೂ ಕೂತಿರಲಿಲ್ಲ. ಎಡಗಡೆ ಬಟ್ಟೆ ಮೇಲಕ್ಕೆ ಸರಿದು, ಒಂದು ಪಕ್ಕ ಗಾಳಿ ತುಂಬಿದಂತೆ ನಿಂತಿತ್ತು. ಅಮ್ಮ ಅದನ್ನು ತೆಗೆಸಿದಳು. "ಎರಡೂ ಕೈ ಮೇಲೆತ್ತಿ" ಎಂದಳು. ಆಂಟಿ ಎತ್ತಿದರು. ಬಲಗಡೆಯದು ಕೈಯ ಜೊತೆ ಏರಿತು, ಎಡಗಡೆಯದು ಏರಲಿಲ್ಲ. ಒಂದು ಕಡೆ ಚರ್ಮ ಒಳಗೆ ಎಳೆದುಕೊಂಡಿತ್ತು, ಬಟ್ಟೆಯಲ್ಲಿ ದಾರ ಬಿಗಿಯಾದಾಗ ನೆರಿಗೆ ಬೀಳುತ್ತದಲ್ಲ, ಹಾಗೆ. ಅಮ್ಮನ ಕೈಯಲ್ಲಿದ್ದ ಟೇಪು ಕೆಳಗೆ ಬಿತ್ತು. ಅವಳು ಅದನ್ನು ಎತ್ತಿಕೊಳ್ಳಲಿಲ್ಲ.

"ರೀ, ಇಲ್ಲಿ ಕೈಗೆ ಏನಾದ್ರೂ ಗಟ್ಟಿ ಸಿಗುತ್ತಾ?"

"ಸಣ್ಣ ಅಡಿಕಿ ಅಷ್ಟು ಒಂದು ಗಂಟೈತಿ. ನೋವಿಲ್ಲ ಏನಿಲ್ಲ. ಹರಳೆಣ್ಣಿ ಹಚ್ಚಾಕತ್ತೀನಿ."

"ಎಷ್ಟು ದಿನದಿಂದ?"

"ಯುಗಾದಿ ಟೈಮಿಂದ ಇರಬೇಕು. ಯಾಕ್ರಿ?"

"ನಾಳೇನೇ ಡಾಕ್ಟ್ರಿಗೆ ತೋರಿಸಿ."

ಎತ್ತಿದ ಕೈಗಳು ಕೆಳಗಿಳಿದವು. ಆಮೇಲೆ ಆಂಟಿಯ ದನಿ ಏರಿತು. "ಅಂದ್ರ, ಜಂಪರ್ ಕೆಡಿಸಿದ್ದು ನೀವು, ದವಾಖಾನಿಗೆ ಹೋಗಬೇಕಾದಾಕಿ ನಾನು? ಚೊಲೋ ಐತ್ರೀ ನಿಮ್ಮ ನ್ಯಾಯ!"

ಗಿಣಿ ಹಸಿರಿನ ರವಿಕೆಯನ್ನು ಕಂಕುಳಲ್ಲಿ ಮುದುಡಿಕೊಂಡು ಹೊರಟೇಹೋದರು. ಮೋರಿ ಕಟ್ಟೆಯ ಮೇಲೆ ಕೂತಿದ್ದ ಅಪ್ಪ ಪೇಪರನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದರು.

ಅಲ್ಲಿಂದ ಮಾತು ನಿಂತಿತು. ನಲ್ಲಿಯ ಹತ್ತಿರ ಅಮ್ಮ ಸಿಕ್ಕರೆ ಆಂಟಿ ಬಿಂದಿಗೆಯ ಜೊತೆ ಮಾತಾಡುತ್ತಿದ್ದರು. ಅಮ್ಮನೂ ನಾಲ್ಕು ದಿನ ಬಿಗುಮಾನದಲ್ಲಿದ್ದಳು. ಆದರೆ ಹೊಲಿಯಲು ಕೂತವಳು ಆಗಾಗ ಕಾಲು ನಿಲ್ಲಿಸಿ ಕಿಟಕಿಯಾಚೆ ನೋಡುತ್ತಿದ್ದಳು. ಕೇಳಿದರೆ "ಏನಿಲ್ಲ, ದಾರ ಸಿಕ್ಕು" ಎನ್ನುವಳು.

ಒಂದು ಭಾನುವಾರ ಅಪ್ಪ ಕಟ್ಟೆಯಿಂದ ವಾಪಸ್ಸು ಬಂದವರು ಅಡಿಗೆಮನೆಯ ಬಾಗಿಲಲ್ಲಿ ನಿಂತು, ಗೋಡೆಯ ಕಡೆ ನೋಡುತ್ತ ಒಂದು ಸುದ್ದಿ ಹೇಳಿದರು. ಆಂಟಿಯ ಯಜಮಾನರು ಕಟ್ಟೆಗೆ ಬಂದಿದ್ದರಂತೆ. ಆಂಟಿ ಅದೇ ಬಣ್ಣದ ಹೊಸ ಬಟ್ಟೆ ಕೊಂಡು ಅತ್ತಿಗುಪ್ಪೆಯ ಒಬ್ಬ ಟೈಲರ್ ಹತ್ತಿರ ಕೊಟ್ಟಿದ್ದರಂತೆ. ಅದೂ ಎಡಗಡೆ ಕೂರಲಿಲ್ಲವಂತೆ. "ನಮ್ಮಾಕಿ ಈಗ ಊರಾಗಿನ ಎಲ್ಲಾ ಟೇಲರ್ ಮ್ಯಾಲೂ ಸಿಟ್ಟಾಗ್ಯಾಳ್ರಿ" ಎಂದು ಆ ಮನುಷ್ಯ ನಕ್ಕರಂತೆ.

ಅಮ್ಮ ಗೆದ್ದೆನೆಂದು ಬೀಗುತ್ತಾಳೆ ಎಂದುಕೊಂಡಿದ್ದೆ. ಅವಳು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು, "ನಡಿಯೇ" ಎಂದು ನನ್ನನ್ನು ಕರೆದುಕೊಂಡು ಹಿಂದಿನ ಬೀದಿಗೆ ಹೊರಟಳು.

ನಮ್ಮನ್ನು ಕಂಡ ಆಂಟಿ ರೊಟ್ಟಿಯನ್ನು ಇನ್ನೂ ಜೋರಾಗಿ ಬಡಿಯತೊಡಗಿದರು. ಅಮ್ಮ ಅಡಿಗೆಮನೆಯ ಹೊಸ್ತಿಲ ಮೇಲೇ ಕೂತಳು.

"ನನ್ನ ಹೊಲಿಗೆ ವಿಷಯಕ್ಕೆ ಬಂದಿಲ್ಲ. ಬೇಕಾದ್ರೆ ನನಗೆ ಎರಡು ಕಣ್ಣೂ ಕಾಣಲ್ಲ ಅನ್ನಿ. ನಮ್ಮಕ್ಕನ ವಿಷಯ ಹೇಳೋಣ ಅಂತ ಬಂದೆ."

ಬಡಿತ ನಿಲ್ಲಲಿಲ್ಲ.

"ಕೆಂಗೇರಿ ಹತ್ರ ಕೊಟ್ಟಿದ್ರು ಅವಳನ್ನ. ದೀಪಾವಳಿಗೆ ಬಂದಾಗ ನಾನೇ ಎಣ್ಣೆ ಹಚ್ಚಿ ನೀರು ಹಾಕಿದ್ದು. ಆಗ ನೋಡ್ದೆ. ನಿಮ್ಮ ಥರಾನೇ ಒಂದು ಕಡೆ ಒಳಗೆ ಎಳ್ಕೊಂಡಿತ್ತು. ನೋವಿಲ್ಲ ಕಣೇ, ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡ್ಲು. ನಾನು ಹೇಳ್ಲಿಲ್ಲ. ಎರಡು ವರ್ಷ ಆದ್ಮೇಲೆ ಬೆನ್ನು ನೋವು ಬಂತು. ಬಾವಿ ನೀರು ಸೇದಿ ಸೇದಿ ಅಂದ್ರು. ಪಟ್ಟು ಹಾಕಿದ್ರು. ಆಮೇಲೆ ಏಳೋಕೇ ಆಗ್ಲಿಲ್ಲ, ಉಸಿರು ಕಟ್ಟೋದು. ಹೋಗೋ ದಿನದವರೆಗೂ ಎಲ್ರೂ ಬೆನ್ನಿಗೇ ಔಷಧಿ ಮಾಡಿದ್ರು. ಮೇಲೆ ಇದ್ದದ್ದು ಗೊತ್ತಿದ್ದದ್ದು ನನಗೊಬ್ಬಳಿಗೇ."

ನನ್ನ ದೊಡ್ಡಮ್ಮ ಬೆನ್ನು ನೋವಿನಿಂದ ತೀರಿಕೊಂಡರು ಎಂದೇ ನಾನೂ ಅಲ್ಲಿಯವರೆಗೆ ತಿಳಿದಿದ್ದೆ. ಅಮ್ಮ ಅಳಲಿಲ್ಲ. ಸೆರಗಿನ ಅಂಚನ್ನು ಉಗುರಿನಿಂದ ಗೀರುತ್ತ ಕೂತಿದ್ದಳು, ಅಷ್ಟೇ. ಬಡಿತ ಯಾವಾಗ ನಿಂತಿತೋ ಗೊತ್ತಾಗಲಿಲ್ಲ. ಹಂಚಿನ ಮೇಲಿನ ರೊಟ್ಟಿ ಸುಟ್ಟು ಹೊಗೆಯಾಡಿದಾಗಲೇ ಮೂವರೂ ಎಚ್ಚೆತ್ತದ್ದು.

"ನೋವೇ ಇಲ್ಲಲ್ರಿ ಅಕ್ಕಾರ" ಎಂದರು ಆಂಟಿ, ಮೆತ್ತಗೆ.

"ನೋವಿದ್ದಿದ್ರೆ ನಮ್ಮಕ್ಕಾನೂ ಡಾಕ್ಟ್ರ ಹತ್ರ ಹೋಗ್ತಿದ್ಲು."

ಆಂಟಿ ಒಲೆ ಆರಿಸಿದರು. "ಹೋಗೂಣು. ಆದ್ರ ನಮ್ಮ ಮನಿಯವರಿಗೆ ನಾನೇ ಹೇಳ್ತೀನಿ. ನೀವು ಏನೂ ಅನಬ್ಯಾಡ್ರಿ."

ಅವರು ಹೇಳಿದರು. ಹೇಗೆ ಹೇಳಿದರು ಎನ್ನುವುದೇ ತಮಾಷೆ. ರಾತ್ರಿ ಊಟಕ್ಕೆ ಬಡಿಸುತ್ತ, ತಲೆ ತಗ್ಗಿಸಿ, "ನನಗ ಎದ್ಯಾಗ ಸ್ವಲ್ಪ ತ್ರಾಸ ಐತ್ರಿ" ಎಂದರಂತೆ. ಆ ಪುಣ್ಯಾತ್ಮ ತುತ್ತು ಬಿಟ್ಟು ಎದ್ದು, ಬನಿಯನ್ನಿನಲ್ಲೇ ಬೀದಿಗೆ ಓಡಿ ಆಟೋ ತಂದು, ಹೆಂಡತಿಯನ್ನು ಮಲಗಿಸಿಕೊಂಡು ಹತ್ತಿರದ ಡಾಕ್ಟರ ಮನೆಗೆ ಹೋದರಂತೆ. ಡಾಕ್ಟರು ಸೀರೆಯ ಮೇಲಿಂದಲೇ ಸ್ಟೆತಸ್ಕೋಪ್ ಇಟ್ಟು, ಬಿಪಿ ನೋಡಿ, ಹೃದಯ ಫಸ್ಟ್ ಕ್ಲಾಸಾಗಿದೆ, ಉಪ್ಪಿನಕಾಯಿ ಕಮ್ಮಿ ಮಾಡಿ ಎಂದರಂತೆ. ಆಂಟಿ ಬಾಯಿ ಬಿಡಲಿಲ್ಲ. ಗಂಡಸು ಡಾಕ್ಟರಿಗೆ, ಗಂಡನ ಎದುರಿಗೆ, ಏನೆಂದು ಹೇಳುವುದು?

ಬೆಳಿಗ್ಗೆ ಅವರ ಯಜಮಾನರು ನಮ್ಮ ಮನೆಗೇ ಬಂದು ಸಂತೋಷದಿಂದ ಘೋಷಿಸಿದರು: "ಹಾರ್ಟ್ ಫಸ್ಟ್ ಕ್ಲಾಸ್ ಐತಂತ್ರಿ!"

ಅಮ್ಮ ಹಣೆ ಚಚ್ಚಿಕೊಂಡಳು. ಆಮೇಲೆ ನಾನು ಕನಸಿನಲ್ಲೂ ಎಣಿಸದಿದ್ದ ಕೆಲಸ ಮಾಡಿದಳು. ಅಪ್ಪ ಪಕ್ಕದಲ್ಲೇ ಇದ್ದರು, ನಾನೂ ಇದ್ದೆ. "ಹಾರ್ಟ್ ಅಲ್ಲ ರೀ. ಮೊಲೆ. ಮೊಲೆಯಲ್ಲಿ ಗಂಟಿದೆ. ಕ್ಯಾನ್ಸರ್ ಇದ್ರೂ ಇರಬಹುದು. ಇವತ್ತೇ ಲೇಡಿ ಡಾಕ್ಟ್ರಿಗೆ ತೋರಿಸ್ಬೇಕು" ಎಂದಳು. ಅಪ್ಪ ಪೇಪರಿಗಾಗಿ ಸುತ್ತಲೂ ತಡಕಾಡಿದರು. ಪೇಪರ್ ಇನ್ನೂ ಬಂದಿರಲಿಲ್ಲ. ಆಂಟಿಯ ಯಜಮಾನರು ಮಾತ್ರ ಪೆಚ್ಚಾಗಿ ನಿಂತವರು, ಮೆಲ್ಲನೆ "ಅಕ್ಕಾರ, ನಾ ಏನು ಮಾಡ್ಬೇಕು ಹೇಳ್ರಿ" ಎಂದರು. ಅವತ್ತಿನಿಂದ ಆ ಮನುಷ್ಯನ ಮೇಲೆ ನನಗೆ ಗೌರವ.

ಅವತ್ತೇ ಅಮ್ಮನೂ ನಾನೂ ಆಂಟಿಯನ್ನು ಕರೆದುಕೊಂಡು ಹೋದೆವು. ರಾಜಾಜಿನಗರದ ಲೇಡಿ ಡಾಕ್ಟರು ದಪ್ಪ ಕನ್ನಡಕದ, ಆತುರವಿಲ್ಲದ ಹೆಂಗಸು. ಆಂಟಿಯನ್ನು ಮಲಗಿಸಿ, ಬೆರಳುಗಳ ಒಳಭಾಗದಿಂದ ಸುತ್ತ ಒತ್ತಿ ನೋಡಿದರು, ಕಂಕುಳನ್ನೂ ನೋಡಿದರು. ಅಮ್ಮ ರವಿಕೆಯ ಕಥೆ ಹೇಳಿದಳು. ಡಾಕ್ಟರು ಕನ್ನಡಕ ತೆಗೆದು ಅಮ್ಮನನ್ನೇ ನೋಡಿದರು.

"ನೀವು ಟೈಲರಾ? ನನ್ನ ಸ್ಟೂಡೆಂಟ್ಸ್ ಇಷ್ಟು ಚೆನ್ನಾಗಿ ನೋಡಿದ್ರೆ ಸಾಕಿತ್ತು."

ಅಮ್ಮ ಒಂದು ಇಂಚು ಉಬ್ಬಿದಳು.

ಊರಿನ ಆ ತುದಿಯ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಸೂಜಿ ಹಾಕಿ ಗಂಟಿನಿಂದ ಸ್ವಲ್ಪ ತೆಗೆದು ಪರೀಕ್ಷೆ ಮಾಡುತ್ತಾರೆ ಎಂದರು. ಆಂಟಿ ಸೀರೆ ಸರಿಮಾಡಿಕೊಳ್ಳುತ್ತ ಕೇಳಿದರು. "ಅಡಿಕಿಯಷ್ಟು ಗಂಟಿಗೆ ಇಷ್ಟ್ಯಾಕ್ರಿ ಗದ್ದಲ? ಅದು ತನ್ನ ಪಾಡಿಗೆ ತಾ ಕುಂತೈತಲ್ಲ."

ಡಾಕ್ಟರು ಕಿಟಕಿಯಾಚೆ ಕೈ ತೋರಿಸಿದರು. ಅಲ್ಲೊಂದು ಖಾಲಿ ಸೈಟು, ಸೊಂಟದೆತ್ತರ ಕಾಂಗ್ರೆಸ್ ಗಿಡ, ಮೇಲೆಲ್ಲ ಬಿಳೀ ಹೂ. ಆಗ ಬೆಂಗಳೂರಿನಲ್ಲಿ ಖಾಲಿ ಜಾಗ ಎಂದರೇ ಅದು.

"ಇದು ಗೊತ್ತಾ ನಿಮಗೆ?"

"ಗೊತ್ತಿಲ್ದ ಏನು! ಹೇರೋಹಳ್ಳ್ಯಾಗ ನಮ್ಮದೊಂದು ಸೈಟ್ ಐತಿ. ಐತವಾರಕ್ಕೊಮ್ಮೆ ಹೋಗಿ ಅದನ್ನ ಕೀಳೂದ ನಮ್ಮ ಹಣೇಬರ."

"ಹಾಗಾದ್ರೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಒಂದು ಗಿಡ ಇದ್ದಾಗ ಕಿತ್ರೆ ಏನಾಗುತ್ತೆ?"

"ಮುಗೀತು."

"ಹೂ ಬಿಟ್ಟ ಮೇಲೆ?"

"ಬೀಜ ಹಾರ್ತೈತ್ರಿ. ಬಾಜೂ ಸೈಟು, ಅದರ ಬಾಜೂ ಸೈಟು..."

"ಇದೂ ಅಷ್ಟೇ. ಮೊದಲು ಒಂದೇ ಕಡೆ ಬೆಳೀತಾ ಇರುತ್ತೆ. ನೋವೂ ಇರಲ್ಲ. ಆಮೇಲೆ ಅದರ ಕಣಗಳು ಕಳಚಿಕೊಂಡು ಪಕ್ಕದ ಸೈಟಿಗೆ ಹೋಗ್ತಾವೆ. ಪಕ್ಕದ ಸೈಟು ಅಂದ್ರೆ ಕಂಕುಳು. ಅಲ್ಲಿ ಸಣ್ಣ ಸಣ್ಣ ಗ್ರಂಥಿಗಳಿವೆ. ಬಿಟ್ರೆ ಅಲ್ಲಿಗೆ ನಿಲ್ಲಲ್ಲ. ರಕ್ತದ ಜೊತೆ ಮೂಳೆಗೆ, ಶ್ವಾಸಕೋಶಕ್ಕೆ, ಲಿವರಿಗೆ ಹೋಗಿ ಅಲ್ಲೂ ಬೇರು ಬಿಡುತ್ತೆ. ಅಷ್ಟು ದೂರ ಹೋದ ಮೇಲೆ ಒಂದೊಂದನ್ನೇ ಹುಡುಕಿ ಕೀಳೋದು ನಮ್ಮ ಕೈಲಾಗಲ್ಲ. ಅದಕ್ಕೇ ಬೇಗ ಬನ್ನಿ ಬನ್ನಿ ಅಂತ ಬಡ್ಕೊಳ್ಳೋದು."

"ನಂದು ಹಾರೇತೇನ್ರಿ?"

"ಈಗ ಹೇಳಕ್ಕಾಗಲ್ಲ. ಕ್ಯಾನ್ಸರ್ ಅಂತಾದ್ರೆ, ಆಪರೇಷನ್ ಆದ ಮೇಲೆ ಗೊತ್ತಾಗುತ್ತೆ. ಕಂಕುಳಲ್ಲಿ ಕೈಗೆ ಏನೂ ಸಿಗ್ತಾ ಇಲ್ಲ. ಅದು ಒಳ್ಳೇದು."

ಹೊರಡುವಾಗ ಅಮ್ಮ ಬಾಗಿಲ ಹತ್ತಿರ ತಡೆದು ನಿಂತಳು. "ಡಾಕ್ಟ್ರೇ, ನಮ್ಮಕ್ಕಂಗೆ ಬೆನ್ನು ನೋವು ಬಂದಿತ್ತು..."

ಅವಳು ಹೇಳಿ ಮುಗಿಸುವವರೆಗೆ ಡಾಕ್ಟರು ಕೇಳಿದರು. "ಬೆನ್ನುಮೂಳೆಗೆ ಹೋಗಿರಬೇಕು. ಬಾವಿ ನೀರು ಸೇದಿದ್ದಕ್ಕಲ್ಲ" ಎಂದರು. ಸ್ವಲ್ಪ ತಡೆದು, "ಆಗ ನಿಮಗೆ ಗೊತ್ತಿರಲಿಲ್ಲ. ಈಗ ಗೊತ್ತಿದೆ" ಎಂದು ಅಮ್ಮನ ಭುಜ ತಟ್ಟಿದರು. ಬಸ್ಸಿನಲ್ಲಿ ಅಮ್ಮ ಕಿಟಕಿಯ ಪಕ್ಕ ಕೂತಳು. ರೊಟ್ಟಿ ಆಂಟಿ ಅವಳ ಕೈ ಹಿಡಿದುಕೊಂಡಿದ್ದರು. ಇಬ್ಬರಲ್ಲಿ ರೋಗಿ ಯಾರೆಂದು ಕಂಡಕ್ಟರಿಗೆ ಗೊತ್ತಾಗುವಂತಿರಲಿಲ್ಲ.

ಸೂಜಿ ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದೇ ಬಂತು. ಎಡಗಡೆಯದನ್ನು ಪೂರ್ತಿ ತೆಗೆದರು, ಕಂಕುಳಿನ ಗ್ರಂಥಿಗಳನ್ನೂ ತೆಗೆದರು. ಆ ಗ್ರಂಥಿಗಳಲ್ಲಿ ಒಂದೇ ಒಂದಕ್ಕೆ ಅದು ಆಗಲೇ ಕಾಲಿಟ್ಟಿತ್ತಂತೆ. "ಪಕ್ಕದ ಸೈಟಿನಲ್ಲಿ ಒಂದು ಗಿಡ" ಎಂದು ಆಂಟಿ ಎಲ್ಲರಿಗೂ ಲೆಕ್ಕ ಒಪ್ಪಿಸುತ್ತಿದ್ದರು. ಇನ್ನಾರು ತಿಂಗಳು ಹರಳೆಣ್ಣೆ ಹಚ್ಚುತ್ತ ಕೂತಿದ್ದರೆ ಎಲ್ಲೆಲ್ಲಿಗೆ ಹೋಗುತ್ತಿತ್ತೋ ಎಂದು ಆಸ್ಪತ್ರೆಯ ಸರ್ಜನ್ನರು ಹೇಳಿದಾಗ, ಅವರ ಯಜಮಾನರು ಕಾರಿಡಾರಿನ ಬೆಂಚಿನ ಮೇಲೆ ಕೂತು ಮುಖ ಮುಚ್ಚಿಕೊಂಡರು. ಆಮೇಲೆ ಎದ್ದು ಕಣ್ಣೊರೆಸಿಕೊಂಡು, ಮನೆಗೆ ಹೋಗಿ ರೊಟ್ಟಿ ಬಡಿಯಲು ಕಲಿತರು. ಮೊದಲ ವಾರ ಅವರು ಬಡಿದ ರೊಟ್ಟಿಗಳು ಭೂಪಟದ ಎಲ್ಲಾ ದೇಶಗಳ ಆಕಾರದಲ್ಲೂ ಬಂದವು. ಆಂಟಿ ಆಸ್ಪತ್ರೆಯ ಮಂಚದ ಮೇಲೆ ಕೂತು, ಪಕ್ಕದಲ್ಲಿ ರಕ್ತ ಬಸಿಯುವ ನಳಿಕೆ ನೇತಾಡುತ್ತಿದ್ದರೂ, ಒಂದನ್ನು ಎತ್ತಿ ಹಿಡಿದು "ಇದು ಯಾವ ದೇಶ ಹೇಳವಾ, ನೀ ಕಾಲೇಜ್ ಕಲಿಯಾಕಿ" ಎಂದು ನನ್ನನ್ನು ಕೇಳುತ್ತಿದ್ದರು.

ಮನೆಗೆ ಬಂದ ಮೇಲೆ ಎಡಗೈ ಮೇಲೇಳುತ್ತಿರಲಿಲ್ಲ. ದಿನಾ ಗೋಡೆಯ ಮುಂದೆ ನಿಂತು ಬೆರಳುಗಳನ್ನು ಜೇಡದ ಹಾಗೆ ಮೇಲೆ ಹತ್ತಿಸಬೇಕು ಎಂದಿದ್ದರು. ಅಮ್ಮ ತನ್ನ ಟೈಲರ್ ಚಾಕ್ ತೆಗೆದುಕೊಂಡು ಹೋಗಿ, ಆ ದಿನ ಬೆರಳು ಮುಟ್ಟಿದಲ್ಲಿಗೆ ಒಂದು ನೀಲಿ ಗೆರೆ ಎಳೆಯುತ್ತಿದ್ದಳು. ಮರುದಿನ ಅದರ ಮೇಲೆ ಇನ್ನೊಂದು ಗೆರೆ. "ಇನ್ನರ್ಧ ಇಂಚು ಹತ್ತಿಸ್ರೀ, ನಾನು ನೋಡ್ತಾ ಇದೀನಿ." "ಟೇಲರ್ ಅಲ್ಲ ನೀವು, ಪೊಲೀಸ್!" ಎಂದು ಆಂಟಿ ಹಲ್ಲು ಕಚ್ಚಿ ಹತ್ತಿಸುವರು. ದಸರಾ ಹೊತ್ತಿಗೆ ಗೆರೆಗಳು ಕ್ಯಾಲೆಂಡರಿನ ಮೊಳೆಯನ್ನು ಮುಟ್ಟಿದವು.

ಆಮೇಲೆ ಕರೆಂಟು ಕೊಡುವುದು ಶುರುವಾಯಿತು. ರೇಡಿಯೇಶನ್ನಿಗೆ ಎಲ್ಲರೂ ಹಾಗೇ ಎನ್ನುತ್ತಿದ್ದರು. ಕೆಲವು ದಿನ ನಾನೇ ಜೊತೆಗೆ ಹೋದೆ. ಎದೆಯ ಮೇಲೆ ನೇರಳೆ ಶಾಯಿಯಲ್ಲಿ ಚೌಕ ಗುರುತು ಹಾಕಿ, ಅಳಿಸಬೇಡಿ ಎಂದು ಕಳಿಸಿದ್ದರು. ಆಂಟಿ ಅದನ್ನು ಅಮ್ಮನಿಗೆ ತೋರಿಸಿ, "ನೋಡ್ರಿ ಅಕ್ಕಾರ, ಅವರಿಗೂ ನಿಮ್ಮಂಗ ಗುರುತು ಹಾಕಲಾರದ ಕೆಲಸ ಮಾಡಾಕ ಬರಂಗಿಲ್ಲ" ಎಂದರು. ಚರ್ಮ ಕಪ್ಪಾಗಿ ಉರಿಯುತ್ತಿತ್ತು. ಉರಿಯುತ್ತಿದೆ ಎಂದು ಅವರು ಒಂದೇ ಸಲ ಹೇಳಿದ್ದು, ಅದೂ ಬಸ್ಸು ತುಂಬ ತಡವಾಗಿ ಬಂದ ದಿನ.

ಅಷ್ಟರಲ್ಲಿ ಅಮ್ಮನ ಒಬ್ಬ ಹಳೆಯ ಗಿರಾಕಿ ಅಳತೆ ಕೊಡಲು ನಿಂತವರು, "ಆ ಟೇಪು ಬೇಡ ರೀ, ಅವರಿಗೆ ಹಿಡಿದಿದ್ರಲ್ಲ" ಎಂದರು. ಅಮ್ಮ ಟೇಪನ್ನು ತನ್ನ ಕೊರಳಿಗೇ ಎರಡು ಸುತ್ತು ಸುತ್ತಿಕೊಂಡಳು. "ಇದು ಅಂಟೋ ಕಾಯಿಲೆ ಅಲ್ಲಮ್ಮ. ಡಾಕ್ಟ್ರನ್ನೇ ಕೇಳ್ದೆ. ಟೇಪಿಂದ ಬರಲ್ಲ, ತಟ್ಟೆಯಿಂದ ಬರಲ್ಲ, ಮುಟ್ಟಿದ್ರೆ ಬರಲ್ಲ. ಮುಚ್ಚಿಟ್ರೆ ಮಾತ್ರ ಹರಡುತ್ತೆ, ಅವರವರ ಮೈಯೊಳಗೇ." ಆ ಹೆಂಗಸು ಮುಖ ಸಣ್ಣ ಮಾಡಿಕೊಂಡು ಅಳತೆ ಕೊಟ್ಟರು.

ಮುಂದಿನ ಸಮಸ್ಯೆ ಅಮ್ಮನದೇ ವಿದ್ಯೆಗೆ ಬಂದದ್ದು. ಈಗ ಎಡಗಡೆ ತುಂಬಬೇಕು. ಬರೀ ಹತ್ತಿ ತುಂಬಿದರೆ ಭಾರವಿಲ್ಲದೆ ರವಿಕೆ ಮೇಲಕ್ಕೆ ಏರುತ್ತಿತ್ತು. ಅಮ್ಮ ಯೋಚಿಸಿ ಒಂದು ಮಲ್ ಬಟ್ಟೆಯ ಚೀಲ ಹೊಲಿದು ಅದಕ್ಕೆ ರಾಗಿ ತುಂಬಿದಳು. ಭಾರ ಸರಿಯಾಯಿತು, ಆಕಾರವೂ ಬಂತು, ಆಂಟಿ ಕನ್ನಡಿಯ ಮುಂದೆ ಮೂರು ಸುತ್ತು ತಿರುಗಿದರು. ನಾಲ್ಕನೇ ದಿನ ಮರೆತು ರವಿಕೆಯ ಜೊತೆ ಚೀಲವನ್ನೂ ಒಗೆದು ನೆರಳಿನಲ್ಲಿ ಹಾಕಿದ್ದಾರೆ. ಎರಡು ದಿನ ಬಿಸಿಲಿಲ್ಲ. ಮೂರನೇ ಬೆಳಿಗ್ಗೆ ಹಿಂದಿನ ಬೀದಿಯಿಂದಲೇ ಕೂಗು ಕೇಳಿತು.

"ಅಕ್ಕಾರಾ! ಓಡಿ ಬರ್ರಿ! ನನ್ನ ಎದಿ ಮೊಳಕಿ ಒಡದೈತಿ!"

ಬಟ್ಟೆಯ ಸಂದಿಯಿಂದ ಬಿಳೀ ಬೇರುಗಳು ಇಣುಕುತ್ತಿದ್ದವು. ಅಮ್ಮ ಅಂಗಳದಲ್ಲೇ ಕುಕ್ಕರಿಸಿ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಂಟಿಯೂ ನಕ್ಕರು. ನಗುತ್ತ ನಗುತ್ತ ಇದ್ದಕ್ಕಿದ್ದಂತೆ ಅಮ್ಮನ ಹೆಗಲಿಗೆ ಮುಖವಿಟ್ಟು ಅತ್ತುಬಿಟ್ಟರು. ಆಪರೇಷನ್ ಆದ ಮೇಲೆ ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಮ್ಮ ಸುಮ್ಮನೆ ಬೆನ್ನು ಸವರಿದಳು. ಆ ರಾಗಿಯನ್ನು ಒಣಗಿಸಿ ಹುರಿಹಿಟ್ಟು ಮಾಡೋಣವೇ ಎಂದು ಕೊನೆಗೆ ಆಂಟಿಯೇ ಕೇಳಿದರು.

ಎರಡನೇ ಸಲ ಅವರ ಯಜಮಾನರು ಸೈಕಲ್ ಅಂಗಡಿಯಿಂದ ಚಕ್ರದೊಳಗೆ ಹಾಕುವ ಸಣ್ಣ ಉಕ್ಕಿನ ಗುಂಡುಗಳನ್ನು ತಂದುಕೊಟ್ಟರು. ನಡೆದರೆ ಗಿಲಿಗಿಲಿ ಸದ್ದು. ಮೂರನೇ ಸಲ ಅಮ್ಮ ಆ ಗುಂಡುಗಳನ್ನು ಹತ್ತಿಯ ಪದರಗಳಲ್ಲಿ ಸುತ್ತಿ ಅಲ್ಲಲ್ಲಿ ಹೊಲಿಗೆ ಹಾಕಿ ಕೂರಿಸಿದಳು. ಅದು ಗೆದ್ದಿತು. ದೊಡ್ಡಾಸ್ಪತ್ರೆಯ ನರ್ಸೊಬ್ಬರು ನೋಡಿ ಮೆಚ್ಚಿ, ಬೇರೆ ಹೆಂಗಸರನ್ನೂ ನಮ್ಮ ಮನೆಗೆ ಕಳಿಸತೊಡಗಿದರು.

ಇಷ್ಟಕ್ಕೆ ಅಮ್ಮ ಸುಮ್ಮನಾಗಲಿಲ್ಲ. ಲೇಡಿ ಡಾಕ್ಟರ ಹತ್ತಿರ ಇನ್ನೆರಡು ಸಲ ಹೋಗಿ ಕೇಳಿಕೊಂಡು ಬಂದು, ಮಧ್ಯಾಹ್ನ ಬರುವ ಹೆಂಗಸರಿಗೆ ಪಾಠ ಶುರುಮಾಡಿದಳು. ಅದಕ್ಕೊಂದು ಸಲಕರಣೆಯನ್ನೂ ಮಾಡಿದಳು: ಹತ್ತಿ ತುಂಬಿದ ಒಂದು ದಿಂಬು, ಅದರೊಳಗೆಲ್ಲೋ ಒಂದು ಒಣ ಬಟಾಣಿ. "ಹುಡುಕಿ ನೋಡೋಣ. ಚಿವುಟಬಾರದು. ಮೂರು ಬೆರಳು ಚಪ್ಪಟೆ ಇಟ್ಟು, ಸುತ್ತ ಸುತ್ತ ಒತ್ತಬೇಕು. ಕಂಕುಳು ಮರೀಬಾರದು. ತಿಂಗಳ ಸ್ನಾನ ಆಗಿ ನಾಲ್ಕೈದು ದಿನಕ್ಕೆ ನೋಡ್ಕೊಳ್ಳಿ, ಆಗ ಮೃದುವಾಗಿರುತ್ತೆ." ಮೊದಮೊದಲು ಎಲ್ಲರೂ ಸೆರಗು ಬಾಯಿಗೆ ಅಡ್ಡ ಹಿಡಿದು ಕಿಸಕ್ಕೆಂದರು. ಆಮೇಲೆ ಪಂದ್ಯ ಹತ್ತಿತು, ಯಾರು ಬೇಗ ಹುಡುಕುತ್ತಾರೆ ಎಂದು. ಒಬ್ಬರು ಬಟಾಣಿಯ ಬದಲು ಅಮ್ಮ ಕಳೆದುಕೊಂಡಿದ್ದ ಸೂಜಿಯನ್ನು ಹುಡುಕಿ ಬೆರಳು ಚುಚ್ಚಿಕೊಂಡರು. ರೊಟ್ಟಿ ಆಂಟಿ ಪಕ್ಕದಲ್ಲಿ ಕೂತು, "ನನ್ನದು ಬಟಾಣಿ ಅಲ್ರವ್ವಾ, ಅಡಿಕಿ. ನೀವು ಬಟಾಣಿ ಇದ್ದಾಗ ಹೋಗ್ರಿ" ಎನ್ನುತ್ತಿದ್ದರು.

ಪಾಠ ಕೇಳಿದವರಲ್ಲಿ ಶಾಲೆಯ ಟೀಚರೊಬ್ಬರಿಗೆ ಗಂಟು ಸಿಕ್ಕಿತು. ಹೆದರಿ ಬಿಳಿಚಿಕೊಂಡು ಓಡಿ ಬಂದರು. ಅಮ್ಮನೇ ಕರೆದುಕೊಂಡು ಹೋದಳು. ಅದು ಕ್ಯಾನ್ಸರಲ್ಲ, ಸುಮ್ಮನೆ ಒಂದು ನೀರಿನ ಗಂಟು. ಹೆಚ್ಚಿನ ಗಂಟುಗಳು ಹೀಗೇ ನಿರಪಾಯದವು, ಆದರೆ ಯಾವುದು ಹೇಗೆಂದು ತೀರ್ಮಾನ ಮಾಡಬೇಕಾದವರು ನಾವು, ನೀವಲ್ಲ ಎಂದರಂತೆ ಡಾಕ್ಟರು. ಟೀಚರು ಬೀದಿಗೆಲ್ಲ ಮೈಸೂರು ಪಾಕ್ ಹಂಚಿದರು. ಯಾಕೆಂದು ಗಂಡಸರಿಗೆ ಯಾರೂ ಹೇಳಲಿಲ್ಲ, ಅವರೂ ಕೇಳದೆ ತಿಂದರು. ಎಲ್ಲರೂ ಕೇಳಿದರೆಂದಲ್ಲ. ಇಂಥ ಅಸಹ್ಯ ಮಾತೆಲ್ಲ ಯಾಕೆ ಎಂದು ಎದ್ದುಹೋದವರೂ ಇದ್ದರು. ಅವರಲ್ಲೊಬ್ಬರ ಸುದ್ದಿ ಮೂರು ವರ್ಷದ ಮೇಲೆ ಬಂತು. ಅಮ್ಮ ಅವತ್ತು ಮೆಷಿನ್ ಮುಟ್ಟಲಿಲ್ಲ.

ಒಂದು ದಿನ ಪಾಠದ ನಡುವೆ ರೊಟ್ಟಿ ಆಂಟಿ ಇದ್ದಕ್ಕಿದ್ದಂತೆ ಕೇಳಿದರು. "ಅಕ್ಕಾರ, ಊರಿಗೆಲ್ಲ ಹೇಳ್ತೀರಿ. ನೀವು ತೋರಿಸೀರೇನು?"

ಅಮ್ಮ ದಾರ ಪೋಣಿಸುವುದರಲ್ಲಿ ಮಗ್ನಳಾದಳು.

"ನಿಮ್ಮಕ್ಕಗ ಇತ್ತು ಅಂದ್ರ ನಿಮಗ ಹೆಚ್ಚು ಹುಷಾರಿರಬೇಕು ಅಂತ ಡಾಕ್ಟರ್ ಬಾಯಾರು ಹೇಳಿದ್ದು ನಾನೂ ಕೇಳೀನಿ. ತೋರಿಸೀರೋ ಇಲ್ಲೋ?"

"ನನಗೇನಾಗಿದೆ? ಸರಿಯಾಗೇ ಇದೀನಲ್ಲ."

"ನನಗೂ ಏನೂ ಆಗಿದ್ದಿಲ್ಲ. ಜಂಪರ್ ಅಷ್ಟ ಕೆಟ್ಟಿತ್ತು."

ಮಾತಿನಲ್ಲಿ ಅಮ್ಮನನ್ನು ಯಾರಾದರೂ ಸೋಲಿಸಿದ್ದು ನಾನು ನೋಡಿದ್ದು ಅದೇ ಮೊದಲು. ಮರುದಿನ ಆಂಟಿ ಸೀರೆ ಉಟ್ಟು, ಛತ್ರಿ ಹಿಡಿದು ನಮ್ಮ ಗೇಟಿನ ಮುಂದೆ ಬಂದು ನಿಂತರು. ಅಮ್ಮ ಮೂರು ನೆಪ ಹೇಳಿದಳು, ಮೂರನ್ನೂ ಅವರು ಒಪ್ಪಲಿಲ್ಲ. ನಾನೂ ಹೋದೆ. ರಾಜಾಜಿನಗರದ ಆ ಕೋಣೆಯಲ್ಲಿ ಮಂಚದ ಮೇಲೆ ಮಲಗಿ ಅಮ್ಮ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಇಪ್ಪತ್ತು ವರ್ಷ ಊರಿನ ಹೆಂಗಸರ ಮೈಯನ್ನೆಲ್ಲ ಅಳೆದವಳು, ತನ್ನ ರವಿಕೆಯ ಗುಂಡಿ ಬಿಚ್ಚಲು ಐದು ನಿಮಿಷ ತೆಗೆದುಕೊಂಡಳು. ಅವಳಿಗೆ ಇಷ್ಟು ಹೆದರಿಕೆ ಇತ್ತೆಂದು ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ.

ಡಾಕ್ಟರು ನಿಧಾನವಾಗಿ ಎರಡೂ ಕಡೆ ನೋಡಿದರು, ಕಂಕುಳು ನೋಡಿದರು. "ಏನೂ ಇಲ್ಲ. ವರ್ಷಕ್ಕೊಂದು ಸಲ ಬನ್ನಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀನೂ ಈಗಿನಿಂದಲೇ ಕಲ್ತ್ಕೋ" ಎಂದರು.

ಹೊರಗೆ ಬಂದ ಅಮ್ಮ ಮೆಟ್ಟಿಲ ಮೇಲೆ ನಿಂತು ಉದ್ದಕ್ಕೆ ಉಸಿರು ಬಿಟ್ಟಳು. "ಹಸಿವಾಗ್ತಿದೆ" ಎಂದಳು. ಮೂವರೂ ಎದುರಿನ ಹೋಟೆಲಿಗೆ ಹೋಗಿ ಫ್ಯಾಮಿಲಿ ರೂಮಿನಲ್ಲಿ ಕೂತೆವು. ಗಂಡಸರಿಲ್ಲದೆ ಅಮ್ಮ ಹೋಟೆಲಿಗೆ ಹೋದದ್ದು ಅದೇ ಮೊದಲಂತೆ. ಒಂದು ಮಸಾಲೆ ದೋಸೆ ತಿಂದಳು, ಸಾಲದೆಂದು ಇನ್ನೊಂದು ತರಿಸಿಕೊಂಡಳು. ಆಂಟಿ ತಮ್ಮ ತಟ್ಟೆಯ ಪಲ್ಯವನ್ನು ಅವಳ ತಟ್ಟೆಗೆ ದೂಡಿದರು. ತಿನ್ನುತ್ತ ತಿನ್ನುತ್ತ ಅಮ್ಮ, "ನಮ್ಮಕ್ಕಂಗೆ ಮಸಾಲೆ ದೋಸೆ ಅಂದ್ರೆ ಪ್ರಾಣ" ಎಂದಳು. ಅಕ್ಕನ ಬಗ್ಗೆ ಅವಳು ಕಾಯಿಲೆ ಬಿಟ್ಟು ಬೇರೆ ಮಾತಾಡಿದ್ದನ್ನು ನಾನು ಅವತ್ತೇ ಕೇಳಿದ್ದು. ಆಂಟಿ, "ಹೌದೇನ್ರಿ? ಮತ್ತೇನು ಇಷ್ಟ ಇತ್ತು ಅವರಿಗೆ?" ಎಂದು ಕೇಳಿದರು. ಅಮ್ಮ ಹೇಳತೊಡಗಿದಳು. ಕಾಫಿ ಬಂತು, ಆರಿತು, ಅವಳು ಇನ್ನೂ ಹೇಳುತ್ತಲೇ ಇದ್ದಳು.